ಬೇತಾಳನನ್ನು ಹೊತ್ತು ತಂದ ಗೆಳೆಯ

ಆಗ ನಾನು ಪಿರಿಯಾಪಟ್ಟಣದಲ್ಲಿ ಏಳನೇ ತರಗತಿ. 1984ರ ಮಳೆಗಾಲ. ಹೊಗೆಸೊಪ್ಪು ಬೇಯಿಸುವ ಕಾಲ ಬಂತೆಂದರೆ ನಮ್ಮ ತರಗತಿಯ ಬೆಂಚುಗಳು ಖಾಲಿಯಾಗುತ್ತಿದ್ದವು. ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ವಾರಕ್ಕೆರಡು ದಿನ ಬಂದರೆ ಹೆಚ್ಚು. ಹಾಗೆ ಬಂದ ಒಂದು ದಿನ ಅಂಗಿಯೊಳಗಿಂದ ‘ಚಂದಮಾಮ’ ತೆಗೆದು, “ಇದ ಓದ್ಲಾ. ಬೇತಾಳ ಪ್ರಶ್ನೆ ಕೇಳ್ತದೆ. ಅಲ್ಲಿಗೆ ಪುಸ್ತಕ ಮುಚ್ಚಿ ನೀನೇ ಉತ್ತರ ಹೇಳ್ಕ. ಆಮ್ಯಾಕೆ ರಾಜ ಏನಂದ ನೋಡು” ಎಂದ. ಕ್ಷೌರದಂಗಡಿಯಿಂದ ಕಡ ತಂದಿದ್ದನಂತೆ.

ಮೇಷ್ಟರೂ ಅಪ್ಪನೂ ಓದು ಎಂದ ಯಾವ ಪುಸ್ತಕವನ್ನೂ ನಾನು ಮುಗಿಸಿರಲಿಲ್ಲ. ಇದನ್ನು ಆ ರಾತ್ರಿಯೇ ಮುಗಿಸಿದೆ. ರಾಜನ ಹೆಗಲ ಮೇಲೆ ಶವ, ಶವದೊಳಗೆ ಕಥೆ ಹೇಳುವ ಬೇತಾಳ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿಯುತ್ತದೆ; ಹೇಳಿದರೆ ಮೌನ ಮುರಿದು ಬೇತಾಳ ಮತ್ತೆ ಮರ ಸೇರುತ್ತದೆ!

ಈ ಕಥೆಗಳ ಬೇರು ಬಹಳ ಹಳೆಯದು. 11ನೇ ಶತಮಾನದ ಕಾಶ್ಮೀರದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲೂ ಬೇತಾಳ ಇದ್ದಾನೆ. ಬೇತಾಳನ ಕಥೆಗಳು 25 ಎಂಬುದು ಪ್ರಸಿದ್ಧ. 1947ರಲ್ಲಿ ಮದ್ರಾಸಿನಲ್ಲಿ ಹುಟ್ಟಿ 1949ರಲ್ಲಿ ಕನ್ನಡಕ್ಕೂ ಬಂದ ‘ಚಂದಮಾಮ’, ಅವು ತೀರಿದ ಮೇಲೂ ಹೊಸ ಕಥೆಗಳನ್ನು ಬೇತಾಳನ ಬಾಯಲ್ಲಿ ದಶಕಗಟ್ಟಲೆ ಹೇಳಿಸಿತು. ಕತ್ತಿ ಹಿಡಿದು ಶವ ಹೊತ್ತ ರಾಜನನ್ನು ನಮ್ಮ ಕಣ್ಣಿಗೆ ಕಟ್ಟಿಕೊಟ್ಟ ಚಿತ್ರಕಾರ ಶಂಕರ್ 2020ರಲ್ಲಿ ತೀರಿಕೊಂಡರು.

ಮುಂದಿನ ತಿಂಗಳ ಸಂಚಿಕೆಯನ್ನು ಗೆಳೆಯ ತಾನು ಓದುವ ಮೊದಲೇ ನನಗೆ ಕೊಟ್ಟ. “ನಾನು ಬ್ಯಾರನ್ ಕಾಯ್ಬೇಕು ಕಣ್ಲಾ, ನೀನೋದು.” ಆದರೆ ಲೆಕ್ಕದ ಪುಸ್ತಕದ ನಡುವೆ ಅದನ್ನು ಕಂಡ ಅಪ್ಪ, ಸೀದಾ ಬಚ್ಚಲ ಒಲೆಗೆ ಹಾಕಿದರು.

ಕಡ ತಂದ ಪುಸ್ತಕ! ಎರಡು ದಿನ ಗೆಳೆಯನ ಮುಖ ನೋಡಲು ಧೈರ್ಯ ಬರಲಿಲ್ಲ. ಮೂರನೆಯ ರಾತ್ರಿ ಅಪ್ಪನಿಗೆ ಬುತ್ತಿ ಒಯ್ಯಬೇಕಾಯಿತು. ನಮ್ಮ ಸೊಪ್ಪೂ ಅವರದೇ ಬ್ಯಾರನ್ನಿನಲ್ಲಿ ಬೇಯುತ್ತಿತ್ತು. ಹಗಲೂ ರಾತ್ರಿ ಸೌದೆ ಒಟ್ಟಿ ಹದವಾದ ಶಾಖ ಕಾಯದಿದ್ದರೆ ವರ್ಷದ ಬೆಳೆಯೇ ಹಾಳು. ಒಲೆಯ ಮುಂದೆ ಕೂತಿದ್ದ ಗೆಳೆಯನಿಗೆ ನಿಜ ಹೇಳಿದೆ. ಅವನು ಬೈಯಲಿಲ್ಲ. “ಸೊಪ್ಪು ಕಟ್ಟಿದ ಕೂಲಿ ಐತೆ, ಅಂಗಡಿಯಣ್ಣಂಗೆ ಕೊಡ್ತೀನಿ. ನೀನು ಓದಿದ್ದೀಯಲ್ಲ, ಕಥೆ ಹೇಳು” ಎಂದ.

ಹೇಳಿದೆ. ಬೇತಾಳನ ಪ್ರಶ್ನೆಗೆ ಬಂದು, ಅವನೇ ಕಲಿಸಿದಂತೆ ನಿಲ್ಲಿಸಿದೆ. ಕತ್ತಲಲ್ಲಿ ಕಂಬಳಿ ಹೊದ್ದು ಮಲಗಿದ್ದ ಅಪ್ಪನ ದನಿ ಬಂತು: “ತಡಿ, ರಾಜ ಹೇಳೋದು ಬ್ಯಾಡ. ನಾನ್ ಹೇಳ್ತೀನಿ.”

ಅಪ್ಪನ ಉತ್ತರ ರಾಜನ ಉತ್ತರವಾಗಿರಲಿಲ್ಲ. “ನಿಮ್ದೇ ಸರಿ ಮಾವ” ಎಂದ ಗೆಳೆಯ. ಬೆಳಗ್ಗೆ ಕ್ಷೌರದಂಗಡಿಗೆ ಹೋಗಿ ದುಡ್ಡು ಕೊಟ್ಟು ಬಂದವರು ಅಪ್ಪನೇ.

ಗೆಳೆಯನ ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ‘ಚಂದಮಾಮ’ವೂ 2013ರ ವೇಳೆಗೆ ನಿಂತುಹೋಯಿತು. ನನ್ನ ಓದು ಮಾತ್ರ ನಿಲ್ಲಲಿಲ್ಲ.

ವಿದ್ಯಾರ್ಥಿಗಳೇ, ನಿಮಗೆ ಹಿಡಿಸಿದ ಪುಸ್ತಕವನ್ನು ಪಕ್ಕದವನ ಕೈಗೂ ದಾಟಿಸಿ. ತಂದೆ ತಾಯಂದಿರೇ, ಪಠ್ಯದ ನಡುವೆ ಕಥೆಪುಸ್ತಕ ಸಿಕ್ಕರೆ ಕಸಿಯುವ ಮುನ್ನ ಒಂದು ಮಾತು ಕೇಳಿ: “ಆಮೇಲೆ ಏನಾಯ್ತು?”