ಹಗ್ಗ ಎಲ್ಲಿ ಕಟ್ಟಬೇಕು?

2016ರ ಬೇಸಿಗೆಯಲ್ಲಿ ನಮ್ಮ ದನದ ಕೊಟ್ಟಿಗೆ ಹಿಂದಿದ್ದ ಬೇವಿನ ಮರ ಕಡಿಸಲು ಹೊರಟೆ. ಮರ ಕೊಟ್ಟಿಗೆ ಕಡೆಗೇ ವಾಲಿತ್ತು. ಹಿಂದಿನ ಮುಂಗಾರಿನ ಗಾಳಿಗೆ ಒಂದು ಕೊಂಬೆ ಮುರಿದು ಹೆಂಚಿನ ಮೇಲೆ ಬಿದ್ದಿತ್ತು. ಇನ್ನು ಬಿಟ್ಟರೆ ಆಗದು ಅನ್ನಿಸಿತು.

ಎಂಟು ಜನರನ್ನು ಸೇರಿಸಿದೆ. ಹಗ್ಗ ಕಟ್ಟಿ ಹೊಲದ ಕಡೆಗೆ ಎಳೆದರೆ ಆಯ್ತು ಅಂತ ನನ್ನ ಅಂದಾಜು. ಮರ ಹತ್ತುವ ಕಷ್ಟ ಯಾಕೆ ಅಂತ ಕೈಗೆ ಎಟುಕಿದ 5 ಅಡಿ ಎತ್ತರದಲ್ಲೇ ಹಗ್ಗ ಬಿಗಿದೆವು. ಕೊಟ್ಟಿಗೆ ಕಡೆಯಿಂದ ಬುಡಕ್ಕೆ ಗರಗಸ ಹಾಕಿದೆವು. ಮುಕ್ಕಾಲು ಪಾಲು ಕೊಯ್ದಾಗ ಗರಗಸ ಸಿಕ್ಕಿಕೊಂಡಿತು. ಎಷ್ಟು ಎಳೆದರೂ ಮರ ಜಪ್ಪಯ್ಯ ಅನ್ನಲಿಲ್ಲ. ಚಟಚಟ ಅಂತ ಸದ್ದಾಯಿತು. ಹಗ್ಗ ಕೈಯಿಂದ ಕಿತ್ತುಕೊಂಡು ಹೋಯಿತು. ಮರ ಕೊಟ್ಟಿಗೆ ಮೇಲೆ ಬಿತ್ತು. ಎರಡು ನಿಮಿಷ ಮುಂಚೆ ಅಷ್ಟೇ ನಮ್ಮಣ್ಣನ ಮಗ ಅಲ್ಲಿಂದ ಕರು ಬಿಚ್ಚಿಕೊಂಡು ಆಚೆ ಬಂದಿದ್ದ. ಅದನ್ನು ನೆನೆದರೆ ಈಗಲೂ ಕೈಕಾಲು ನಡುಗುತ್ತದೆ.

ಮರುದಿನ, ಮರ ಕೊಯ್ಯುವ ಕೆಲಸದಲ್ಲೇ ತಲೆ ನರೆತ ಹಿರಿಯರೊಬ್ಬರು ಬಂದು ನೋಡಿದರು. "ಹಾರೆ ತುದಿ ಬಿಟ್ಟು ಬುಡ ಹಿಡಿದು ಕಲ್ಲು ಎಬ್ಬಿಸ್ತೀಯೇನಪ್ಪ?" ಅಂತ ಕೇಳಿದರು. ತಪ್ಪು ಎಳೆದವರದ್ದಲ್ಲ, ಹಗ್ಗ ಕಟ್ಟಿದ ನನ್ನದು ಅಂತ ಆಗ ತಿಳಿಯಿತು.

ಮರವೂ ಒಂದು ಹಾರೆ

ಹಾರೆಯ ತುದಿ ಹಿಡಿದಷ್ಟೂ ಕಲ್ಲು ಸುಲಭವಾಗಿ ಏಳುತ್ತದೆ. ಮರವೂ ಹಾಗೆಯೇ. ಒಂದು ಲೆಕ್ಕ ಹಾಕಿ ನೋಡಿ. ಮರದ ತೂಕ 1,000 ಕಿಲೋ, ಆ ತೂಕವೆಲ್ಲ ಬುಡದಿಂದ 4 ಅಡಿ ಆಚೆ ವಾಲಿದೆ ಅಂತ ಇಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ 4,000. ಇದನ್ನು ಹಗ್ಗ ಕಟ್ಟಿದ ಎತ್ತರದಿಂದ ಭಾಗಿಸಬೇಕು. 5 ಅಡಿಗೆ ಕಟ್ಟಿದರೆ 800 ಕಿಲೋ ಬಲ ಬೇಕು. 20 ಅಡಿಗೆ ಕಟ್ಟಿದರೆ 200 ಕಿಲೋ ಸಾಕು. ಒಬ್ಬ ಆಳು 30 ಕಿಲೋ ಬಲದಿಂದ ಎಳೆದರೂ ಎಂಟು ಜನಕ್ಕೆ 240. ಅದೇ ಜನ, ಅದೇ ಹಗ್ಗ. 5 ಅಡಿಯಲ್ಲಿ ಸೋತವರು 20 ಅಡಿಯಲ್ಲಿ ಗೆಲ್ಲುತ್ತಿದ್ದರು.

ಹಾಗಂತ ತೀರಾ ತುದಿಗೆ ಕಟ್ಟಬಾರದು. ಅಲ್ಲಿ ಕಾಂಡ ಸಣ್ಣ, ಮುರಿಯುತ್ತದೆ. ಅರ್ಧ ಎತ್ತರ ದಾಟಿದ ಮೇಲೆ ಸಿಗುವ ಗಟ್ಟಿ ಕವಲು ನೋಡಿ ಕಟ್ಟಬೇಕು.

ಎಷ್ಟು ದೂರ ನಿಂತು ಎಳೆಯಬೇಕು ಅನ್ನುವುದೂ ಮುಖ್ಯ. 20 ಅಡಿ ಎತ್ತರಕ್ಕೆ ಕಟ್ಟಿ 20 ಅಡಿ ದೂರದಲ್ಲೇ ನಿಂತರೆ ಹಗ್ಗ ಮರವನ್ನು ಕೆಳಕ್ಕೂ ಜಗ್ಗುತ್ತದೆ. ನಿಮ್ಮ ಬಲದಲ್ಲಿ 100ಕ್ಕೆ 70 ಪಾಲು ಮಾತ್ರ ಮರ ಬಗ್ಗಿಸುವುದಕ್ಕೆ ಸಿಗುತ್ತದೆ. 60 ಅಡಿ ದೂರ ಹೋದರೆ 95 ಪಾಲು ಸಿಗುತ್ತದೆ. 40 ಅಡಿ ಮರವಾದರೆ ಉರುಳಿದರೂ ನಿಮ್ಮ ಮೇಲೆ ಬರುವುದಿಲ್ಲ.

ಕಚ್ಚು, ಕೀಲು, ಬೆಣೆ

ನಾವು ಮಾಡಿದ ಇನ್ನೊಂದು ತಪ್ಪು, ಕಚ್ಚು ಹಾಕದೇ ಇದ್ದದ್ದು. ಮರ ಎತ್ತ ಬೀಳಬೇಕೋ ಆ ಕಡೆ ಮೊದಲು ಬಾಯಿ ತೆರೆದಂತೆ ಕಚ್ಚು ತೆಗೆಯಬೇಕು. ಅಡ್ಡಳತೆಯ ಕಾಲು ಭಾಗ ಸಾಕು. ಆಮೇಲೆ ಹಿಂದಿನಿಂದ, ಕಚ್ಚಿಗಿಂತ ಒಂದೆರಡು ಇಂಚು ಮೇಲೆ, ಗರಗಸ ಹಾಕಬೇಕು. ಪೂರ್ತಿ ಕೊಯ್ಯಬಾರದು. ನಡುವೆ ಅಡ್ಡಳತೆಯ ಹತ್ತನೇ ಒಂದು ಭಾಗ ಉಳಿಸಬೇಕು. 2 ಅಡಿ ದಪ್ಪದ ಮರಕ್ಕೆ ಎರಡೂವರೆ ಇಂಚು. ಅದು ಬಾಗಿಲ ಕೀಲಿನಂತೆ ಮರವನ್ನು ದಾರಿ ತಪ್ಪದಂತೆ ತಿರುಗಿಸುತ್ತದೆ.

ಹಿಂದಕ್ಕೆ ವಾಲಿದ ಮರ ಹಿಂದಿನ ಕೊಯ್ತದ ಮೇಲೇ ಕೂರುತ್ತದೆ. ನಮ್ಮ ಗರಗಸ ಸಿಕ್ಕಿಕೊಂಡದ್ದು ಅದಕ್ಕೇ. ಗರಗಸ ಒಳಗೆ ಹೋದ ಕೂಡಲೇ ಅದರ ಹಿಂದೆಯೇ ಮರದ ಬೆಣೆ ಹೊಡೆಯಬೇಕು. ಬೆಣೆ ಸಣ್ಣದು, ಕೆಲಸ ದೊಡ್ಡದು. ಕೀಲಿನಿಂದ ಒಂದೂವರೆ ಅಡಿ ಹಿಂದೆ ಬೆಣೆ 1 ಇಂಚು ಎತ್ತಿದರೆ 40 ಅಡಿ ಮರದ ತುದಿ ಎರಡು ಅಡಿಗೂ ಹೆಚ್ಚು ಮುಂದೆ ಬರುತ್ತದೆ.

ಎರಡನೇ ಮರ

2019ರಲ್ಲಿ ಪಕ್ಕದವರ ಗೋಡೆ ಕಡೆಗೆ ವಾಲಿದ್ದ ಹೊಂಗೆ ಮರವನ್ನು ಆ ಹಿರಿಯರನ್ನೇ ಕರೆಸಿ ಇದೇ ರೀತಿ ಕಡಿಸಿದೆ. ಆಳು ಆರೇ ಜನ. ಹಗ್ಗದ ಇನ್ನೊಂದು ತುದಿಯನ್ನು ದೂರದ ಹುಣಸೆ ಬುಡಕ್ಕೆ ಬಿಗಿದು, ಹಗ್ಗವನ್ನು ನಡುವೆ ಹಿಡಿದು ಪಕ್ಕಕ್ಕೆ ಜಗ್ಗಿಸಿದರು. 40 ಅಡಿ ಬಿಗಿದ ಹಗ್ಗ ನಡುವಿನಲ್ಲಿ 1 ಅಡಿ ಪಕ್ಕಕ್ಕೆ ಬಂದಾಗ, ಜಗ್ಗಿದ ಬಲದ 10 ಪಟ್ಟು ಹಗ್ಗದಲ್ಲಿ ಬೀಳುತ್ತದಂತೆ. ಆದ್ದರಿಂದ ಹಳೇ ಹಗ್ಗ ಬೇಡ, ಕಿತ್ತರೆ ಚಾಟಿಯಂತೆ ಹೊಡೆಯುತ್ತದೆ. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಹೊಂಗೆ ಸೀದಾ ಹೊಲಕ್ಕೆ ಬಿತ್ತು. ಗೋಡೆಯ ಒಂದು ಕಲ್ಲೂ ಅಲುಗಲಿಲ್ಲ.

ಕೊನೆಗೆ ಮೂರು ಮಾತು. ಕರೆಂಟು ತಂತಿ ಹತ್ತಿರವಿದ್ದರೆ, ಬುಡ ಟೊಳ್ಳಾಗಿದ್ದರೆ ನೀವೇ ಕೈ ಹಾಕಬೇಡಿ. 1976ರ ಮರ ಸಂರಕ್ಷಣೆ ಕಾಯ್ದೆ ನಮ್ಮ ಹೊಲದ ಮರಕ್ಕೂ ಇದೆ, ಕೆಲವು ಜಾತಿಗೆ ಮಾತ್ರ ವಿನಾಯ್ತಿ. ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಮತ್ತೆ, ಗರಗಸ ಹಾಕುವ ಮುಂಚೆ ಮರ ಬೀಳಬಹುದಾದ ಎಲ್ಲಾ ದಿಕ್ಕಿನಿಂದಲೂ ಮಕ್ಕಳನ್ನೂ ದನಗಳನ್ನೂ ಆಚೆ ಕಳಿಸಿ. ನಮ್ಮ ಲೆಕ್ಕ ತಪ್ಪಬಹುದು, ಮರದ ಲೆಕ್ಕ ತಪ್ಪುವುದಿಲ್ಲ.