ಲೋಹದ ಪುಡಿಯಿಂದ ಬಿಡಿಭಾಗ: ಎಲ್ಲವೂ ಒಂದೇ ಗಟ್ಟಿಯೇ?



ಹಳೆಯ ಪಲ್ಪರ್, ಪಂಪು, ಅಡಿಕೆ ಸುಲಿಯುವ ಯಂತ್ರಗಳಿಗೆ ಬಿಡಿಭಾಗ ಸಿಗದಾಗ ಲೋಹದಲ್ಲಿ ‘ತ್ರೀಡಿ ಪ್ರಿಂಟ್’ ಮಾಡಿಸಬಹುದೇ ಎಂದು ಕೆಲವರು ವಿಚಾರಿಸಿದ್ದಾರೆ. ಆ ಬಗ್ಗೆ ಎರಡು ಮಾತು.

ಇದಕ್ಕೆ ಅಚ್ಚು ಬೇಕಿಲ್ಲ. ಆರ್ಗಾನ್ ಅಥವಾ ಸಾರಜನಕ ತುಂಬಿದ ಪೆಟ್ಟಿಗೆಯಲ್ಲಿ ಹಿಟ್ಟಿನಂತಹ ಲೋಹದ ಪುಡಿಯನ್ನು ಕೂದಲೆಳೆಯಷ್ಟು ತೆಳುವಾಗಿ ಹರಡಿ, ನಕ್ಷೆಯಂತೆ ಬೇಕಾದಲ್ಲಿ ಮಾತ್ರ ಲೇಸರಿನಿಂದ ಕರಗಿಸುತ್ತಾರೆ. ಪದರದ ಮೇಲೆ ಪದರ ಬೆಸೆದು ಭಾಗ ಮೇಲೇಳುತ್ತದೆ.

ಇದು ಆಟಿಕೆಯ ಕೆಲಸವಲ್ಲ. ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೆಯ ಹಂತದ ಎಂಜಿನನ್ನು ಇಸ್ರೋ ಹೀಗೆ ಮಾಡಿಸಿದಾಗ 14 ಭಾಗಗಳು ಒಂದಾದವು, 19 ಬೆಸುಗೆಗಳು ತಪ್ಪಿದವು. ಆದರೂ ಅದನ್ನು ಸುಮ್ಮನೆ ನಂಬಲಿಲ್ಲ. 2024ರ ಮೇ 9ರಂದು 665 ಸೆಕೆಂಡು ಉರಿಸಿ ನೋಡಿದರು.

ಏಕೆಂದರೆ ಒಂದು ಭಾಗ ಗಟ್ಟಿಯಾಗಿ ಬಂದರೆ ಮುಂದಿನದೂ ಅಷ್ಟೇ ಗಟ್ಟಿಯೆನ್ನಲಾಗದು. ಲೇಸರಿನ ಶಕ್ತಿ ಸಾಲದಿದ್ದರೆ ಪುಡಿ ಪೂರ್ತಿ ಬೆಸೆಯದು, ಅತಿಯಾದರೆ ಲೋಹ ಕುದಿಯುವುದು; ಎರಡರಿಂದಲೂ ಒಳಗೆ ಸಣ್ಣ ಪೊಳ್ಳುಗಳು ಉಳಿಯುತ್ತವೆ. ಪುಡಿ ತೇವ ಹೀರಿದರೆ, ಉಳಿದ ಪುಡಿಯನ್ನೇ ಮತ್ತೆ ಮತ್ತೆ ಬಳಸಿದರೆ ಗುಣ ಬದಲಾಗಬಹುದು. ಕರಗಿ ಥಟ್ಟನೆ ಆರುವ ಲೋಹದಲ್ಲಿ ಬಿಗುವೂ ಉಳಿಯುತ್ತದೆ. ಮತ್ತೆ ಕಾಯಿಸಿ ಹದಗೊಳಿಸಬೇಕು.

ದಿಕ್ಕಿನ ಮಾತೂ ಇದೆ. ಅಡಿಕೆ ಮರವನ್ನು ಉದ್ದಕ್ಕೆ ದಬ್ಬೆಯಾಗಿ ಸೀಳುವುದು ಸುಲಭ, ಅಡ್ಡಕ್ಕೆ ಮುರಿಯುವುದು ಕಷ್ಟ. ಈ ಭಾಗಗಳೂ ಪದರಗಳನ್ನು ಬಿಡಿಸುವಂತೆ ಎಳೆದಾಗ ಸಾಮಾನ್ಯವಾಗಿ ಬೇಗ ಸೋಲುತ್ತವೆ.

ಪೊಳ್ಳಿರುವ ಭಾಗ ಒಂದು ಸಲದ ಎಳೆತವನ್ನು ತಡೆದೀತು. ಆದರೆ ಲಕ್ಷಗಟ್ಟಲೆ ಸುತ್ತು ತಿರುಗುವ ಶಾಫ್ಟಿನಲ್ಲಿ ಬಿರುಕು ಹೊರಡುವುದು ಹೆಚ್ಚಾಗಿ ಅಂತಹ ಪೊಳ್ಳಿನಿಂದ, ಇಲ್ಲವೇ ಒರಟು ಮೈಯಿಂದ.

ಪರಿಹಾರವುಂಟು. ಭಾಗದ ಜೊತೆಗೇ, ಅದೇ ಪುಡಿಯಿಂದ, ಅಡ್ಡಕ್ಕೂ ನೆಟ್ಟಗೂ ಪರೀಕ್ಷಾ ಕಡ್ಡಿಗಳನ್ನು ಮಾಡಿ ಎಳೆದು ಮುರಿದು ನೋಡುತ್ತಾರೆ. ಮಾದರಿ ತೆಗೆದು ಔಟ್‌ಟರ್ನ್ ನೋಡದೆ ನಾವು ಕಾಫಿಗೆ ಬೆಲೆ ಕಟ್ಟುತ್ತೇವೆಯೇ? ಇದೂ ಹಾಗೆಯೇ. ಮುಖ್ಯ ಭಾಗಗಳ ಒಳಗನ್ನು ಎಕ್ಸ್‌ರೇಯಿಂದಲೂ ನೋಡುವುದುಂಟು.

ಆದುದರಿಂದ ಹಿಡಿ, ಮುಚ್ಚಳಗಳನ್ನು ಮಾಡಿಸಲು ಅಡ್ಡಿಯಿಲ್ಲ. ಖರ್ಚು ಗಿಟ್ಟೀತೇ ಎಂದು ಲೆಕ್ಕ ಹಾಕಿದರೆ ಸಾಕು. ಶಾಫ್ಟು, ಹಲ್ಲುಚಕ್ರ, ಒತ್ತಡ ತಡೆಯುವ ಪಂಪಿನ ಭಾಗಗಳಾದರೆ ನಾಲ್ಕು ಪ್ರಶ್ನೆ ಕೇಳಿರಿ: ಪುಡಿ ಯಾವುದು? ಯಾವ ದಿಕ್ಕಿಗೆ ನಿಲ್ಲಿಸಿ ಮಾಡಿದ್ದು? ಕಾಯಿಸಿ ಹದಗೊಳಿಸಿದೆಯೇ? ಅದೇ ಸಲದ ಕಡ್ಡಿಗಳ ಪರೀಕ್ಷಾ ಪತ್ರವೆಲ್ಲಿ?

ಪತ್ರವಿಲ್ಲದ ಭಾಗವನ್ನು, ನಮ್ಮ ಕೆಲಸದವರು ಪಕ್ಕದಲ್ಲಿ ನಿಂತು ದುಡಿಯುವ ಯಂತ್ರಕ್ಕೆ ಹಾಕದಿರುವುದೇ ಕ್ಷೇಮ.