ಮೊಲದ ಮರಿಯ ಹೊಟ್ಟೆಪಾಡು

"ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬ ಗಾದೆಯನ್ನು ನಾವೆಲ್ಲರೂ ಹಠಮಾರಿಗಳ ಮೇಲೆ ಪ್ರಯೋಗಿಸುತ್ತೇವೆ. ಮೊಲದ ಕಾಲಿನ ಲೆಕ್ಕದಲ್ಲಿಯೇ ಇಷ್ಟು ವಾದವಿದ್ದರೆ ಅದರ ಹೊಟ್ಟೆಯ ವಿಷಯದಲ್ಲಿ ಇನ್ನೆಷ್ಟು ವಾದವಿರಬೇಡ! ಕ್ಯಾರೆಟ್ ಕೊಡಿ ಎಂದು ಒಬ್ಬರು, ಹಸುವಿನ ಹಿಂಡಿ ಬೂಸವನ್ನೇ ಕೊಡಿ ಎಂದು ಇನ್ನೊಬ್ಬರು, ತೆಂಗಿನ ಸೀಮೆಯಲ್ಲಿ ಹುಟ್ಟಿ ಕೊಬ್ಬರಿ ಕೊಡದಿದ್ದರೆ ಹೇಗೆ ಎಂದು ಮತ್ತೊಬ್ಬರು. ಇವರೆಲ್ಲರೂ ಪ್ರೀತಿಯಿಂದಲೇ ಹೇಳುವವರು. ಆದರೆ ಮೊಲದ ಮರಿಗಳು ಸಾಯುವುದು ಹೆಚ್ಚಾಗಿ ಇಂಥ ಪ್ರೀತಿಯಿಂದಲೇ ಎಂಬುದು ನನ್ನ ಅನುಭವ.

ನಮ್ಮ ಊರು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ. ನನ್ನ ತಂಗಿ ಸಂತೆಯಿಂದ ಒಂದು ಬಿಳಿ ಮೊಲದ ಮರಿಯನ್ನು ತಂದಾಗ ಮನೆಯವರಿಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಏಕೆಂದರೆ ಹಿಂದಿನ ವರ್ಷ ನಮ್ಮ ಬೀದಿಯಲ್ಲಿಯೇ ಎರಡು ಮರಿಗಳು ತಂದ ಹದಿನೈದು ದಿನದೊಳಗೆ ಭೇದಿಯಾಗಿ ಸತ್ತಿದ್ದವು. 'ಗಾಳಿ ತಗುಲಿತು' ಎಂದು ಎಲ್ಲರೂ ಸುಮ್ಮನಾಗಿದ್ದರು. ನಮ್ಮ ಅಜ್ಜಿ ಮಾತ್ರ ನನ್ನನ್ನು ಕರೆದು, "ನೋಡ್ಲಾ ಮಗ, ಈ ಮನೇಲಿ ನಾಲ್ಕಕ್ಷರ ಕಲ್ತೋನು ನೀನೊಬ್ನೇ. ಇದ್ಕೇನು ಹಾಕ್ಬೇಕು ಅಂತ ನೀನೇ ಹೇಳು" ಎಂದರು. ಚರಿತ್ರೆ, ಅರ್ಥಶಾಸ್ತ್ರಗಳನ್ನು ಓದುವ ನನಗೆ ಮೊಲದ ಕರುಳಿನ ವಿಚಾರ ಎಲ್ಲಿಂದ ತಿಳಿಯಬೇಕು? ಆದರೂ ಅಜ್ಜಿಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಪುಸ್ತಕಗಳನ್ನು ನೋಡಿ, ಪಶುವೈದ್ಯರನ್ನು ಕೇಳಿ, ಮರಿಯನ್ನು ದಿನವೂ ಗಮನಿಸಿ ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಭೇದವನ್ನು ತಿಳಿಯಬೇಕು. ರಾಗಿ ಹೊಲದಲ್ಲಿ ನಮ್ಮ ಕಾಲಿಗೆ ಅಡ್ಡ ಬಂದು ಓಡುವ ಕಾಡುಮೊಲವೇ ಬೇರೆ, ಗೂಡಿನಲ್ಲಿ ಸಾಕುವ ಮೊಲವೇ ಬೇರೆ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲಿದ್ದು ಕಣ್ಣು ಬಿಟ್ಟಿರುತ್ತದೆ. ಸಾಕುಮೊಲದ ಮರಿಯಾದರೋ ಕೂದಲಿಲ್ಲದೆ, ಕಣ್ಣು ಮುಚ್ಚಿಕೊಂಡು ಹುಟ್ಟಿ, ಸುಮಾರು ಹತ್ತನೆಯ ದಿನಕ್ಕೆ ಕಣ್ಣು ತೆರೆಯುತ್ತದೆ. ಕಾಡುಮೊಲವನ್ನು ಹಿಡಿಯುವುದೂ ಸಾಕುವುದೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧ. ಹೊಲದಲ್ಲಿ ಅದರ ಮರಿ ಕಂಡರೆ ಇದ್ದಲ್ಲಿಯೇ ಬಿಟ್ಟುಬಿಡಬೇಕು. ತಾಯಿ ಹತ್ತಿರದಲ್ಲಿಯೇ ಇರುತ್ತದೆ. ಸಾಕುಮೊಲದ ಪೂರ್ವಜರು ಯೂರೋಪಿನ ಸ್ಪೇನ್, ಪೋರ್ಚುಗಲ್ ಕಡೆಯ ಕುರುಚಲು ಬಯಲಿನವು. ಅಲ್ಲಿ ಅವುಗಳಿಗೆ ದೊರೆಯುತ್ತಿದ್ದುದು ಒರಟು ಹುಲ್ಲು, ಒಣ ಎಲೆ, ತೊಗಟೆ. ಇಂಥ ಬಡ ಊಟದಿಂದಲೇ ಜೀವ ಹಿಡಿಯಲು ಅವುಗಳ ದೇಹ ಹದಗೊಂಡಿದೆ. ಬಡವನ ಹೊಟ್ಟೆಗೆ ದಿನವೂ ಮದುವೆಯ ಊಟ ಹಾಕಿದರೆ ಏನಾದೀತು? ಮೊಲಕ್ಕೂ ಅದೇ ಆಗುತ್ತದೆ.

ಹಸು ಮೊದಲು ಮೇದು, ಆಮೇಲೆ ನೆರಳಿನಲ್ಲಿ ಮಲಗಿ ಮೆಲುಕು ಹಾಕುವುದನ್ನು ನಾವು ಹುಟ್ಟಿದಂದಿನಿಂದ ನೋಡಿದ್ದೇವೆ. ಹಸುವಿನಲ್ಲಿ ಹುಲ್ಲನ್ನು ಕೊಳೆಸಿ ಹದಮಾಡುವ ಸೂಕ್ಷ್ಮಜೀವಿಗಳು ಹೊಟ್ಟೆಯ ಮುಂಭಾಗದಲ್ಲಿವೆ. ಮೊಲದಲ್ಲಿಯಾದರೋ, ಕುದುರೆಯಲ್ಲಿರುವಂತೆ, ಆ ಕಾರ್ಖಾನೆ ಹಿಂಭಾಗದಲ್ಲಿ, ಸಣ್ಣ ಕರುಳು ಮತ್ತು ದೊಡ್ಡ ಕರುಳುಗಳು ಕೂಡುವಲ್ಲಿರುವ ಕುರುಡುಕರುಳಿನಲ್ಲಿದೆ. ಮೊಲದ ಅನ್ನಮಾರ್ಗದ ಹೆಚ್ಚುಕಡಿಮೆ ಅರ್ಧದಷ್ಟು ಜಾಗವನ್ನು ಈ ಒಂದು ಚೀಲವೇ ಹಿಡಿದಿರುತ್ತದೆ. ತಿಂದ ಮೇವು ಅಲ್ಲಿಗೆ ಬಂದಾಗ ದೊಡ್ಡ ಕರುಳು ಅದನ್ನು ಜರಡಿಯಾಡಿದಂತೆ ಬೇರ್ಪಡಿಸುತ್ತದೆ. ಒರಟು ನಾರು ಬೇಗ ಮುಂದಕ್ಕೆ ಹೋಗಿ ದುಂಡನೆಯ ಒಣ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣ್ಣನೆಯ ಭಾಗ ಹಿಂದಕ್ಕೆ ಕುರುಡುಕರುಳಿಗೆ ತಳ್ಳಲ್ಪಟ್ಟು, ಅಲ್ಲಿ ಸೂಕ್ಷ್ಮಜೀವಿಗಳಿಂದ ಹುದುಗುತ್ತದೆ.

ಹಾಗೆ ಹುದುಗಿದುದು ವ್ಯರ್ಥವಾಗುವುದಿಲ್ಲ. ಅದು ದ್ರಾಕ್ಷಿಗೊಂಚಲಿನಂತೆ ಅಂಟಿಕೊಂಡಿರುವ ಮೆತ್ತನೆಯ ಹಿಕ್ಕೆಗಳಾಗಿ ಬರುವಾಗ ಮೊಲ ಬಗ್ಗಿ ಅದನ್ನು ನೇರವಾಗಿ ಬಾಯಿಗೆ ತೆಗೆದುಕೊಂಡು ನುಂಗುತ್ತದೆ. ಈ ಸಂಗತಿಯನ್ನು ಫ್ರಾನ್ಸಿನ ಪಶುವೈದ್ಯ ಮೊರೋ ೧೮೮೨ರಲ್ಲಿಯೇ ವಿವರಿಸಿದ್ದಾನೆ. ಇದನ್ನು ಕಂಡು ನಮ್ಮ ಅಜ್ಜಿ ಮೂಗು ಮುರಿದರು. "ಅಜ್ಜಿ, ಇದು ಮೊಲದ ಮೆಲುಕು" ಎಂದು ಹೇಳಿದ ಮೇಲೆ ಸಮಾಧಾನವಾಯಿತು. ಮಾತು ಸುಳ್ಳಲ್ಲ. ಬಿ ಗುಂಪಿನ ಜೀವಸತ್ವಗಳೂ ಒಂದಿಷ್ಟು ಸಸಾರಜನಕವೂ ಮೊಲಕ್ಕೆ ಈ ಎರಡನೆಯ ಊಟದಿಂದಲೇ ದೊರೆಯುತ್ತವೆ. ಆದುದರಿಂದ ಅದನ್ನು ತಡೆಯಬಾರದು.

ಇಷ್ಟನ್ನು ತಿಳಿದರೆ ಮೊಲಕ್ಕೆ ನಾರು ಏಕೆ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಒರಟು ನಾರು ಕರುಳನ್ನು ನಡೆಸುವ ಚಾವಟಿ. ಅದು ಕಡಿಮೆಯಾದರೆ ಕರುಳಿನ ನಡಿಗೆ ನಿಧಾನವಾಗುತ್ತದೆ. ಮುದ್ದೆ, ಅನ್ನ, ಬಿಸ್ಕತ್ತು, ಬೆಲ್ಲ, ಬಾಳೆಹಣ್ಣುಗಳಲ್ಲಿರುವ ಪಿಷ್ಟ ಮತ್ತು ಸಕ್ಕರೆಯ ಅಂಶ ಕುರುಡುಕರುಳನ್ನು ಸೇರಿದರೆ ಒಳ್ಳೆಯ ಸೂಕ್ಷ್ಮಜೀವಿಗಳು ಕುಗ್ಗಿ ಕೆಟ್ಟವು ಹೆಚ್ಚುತ್ತವೆ. ಹೊಟ್ಟೆಯುಬ್ಬರವೂ ಭೇದಿಯೂ ಆಗುತ್ತವೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯಿಲ್ಲ. ಒಳಗೆ ಹೋದುದು ಹಿಂದಿನಿಂದಲೇ ಹೋಗಬೇಕು. ಹಲ್ಲಿನ ವಿಚಾರವೂ ಹೀಗೆಯೇ. ಅದರ ಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಹುಲ್ಲನ್ನು ಅರೆದು ಅರೆದು ಸವೆಯದಿದ್ದರೆ ಹಲ್ಲು ಅಡ್ಡಾದಿಡ್ಡಿ ಬೆಳೆದು ಬಾಯಿ ಹುಣ್ಣಾಗುತ್ತದೆ.

ದೊಡ್ಡ ಮೊಲ ಹೇಗೋ ತಡೆದುಕೊಳ್ಳುವುದನ್ನು ಮರಿ ತಡೆಯಲಾರದು. ಇದಕ್ಕೆ ಕಾರಣವಿದೆ. ತಾಯಿಮೊಲ ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಮೂರು ನಾಲ್ಕು ನಿಮಿಷ ಮಾತ್ರ ಹಾಲೂಡಿಸುತ್ತದೆ. ಆ ಹಾಲಿನಲ್ಲಿರುವ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಎಂಬ ಕೊಬ್ಬಿನ ಆಮ್ಲಗಳು ಮರಿಯ ಹೊಟ್ಟೆಯಲ್ಲಿ ರೋಗಾಣುಗಳನ್ನು ತಡೆಯುತ್ತವೆ. ದೊಡ್ಡ ಮೊಲದ ಜಠರದಲ್ಲಿರುವ ಕಟುವಾದ ಹುಳಿಯೇ ರೋಗಾಣುಗಳನ್ನು ಕೊಲ್ಲುತ್ತದೆ. ಮರಿಗೆ ಆ ಹುಳಿ ಇನ್ನೂ ಬಂದಿರುವುದಿಲ್ಲ. ಹಾಲು ಬಿಟ್ಟ ಹೊಸದರಲ್ಲಿ ಹಾಲಿನ ರಕ್ಷಣೆಯೂ ಇಲ್ಲ, ಹುಳಿಯ ರಕ್ಷಣೆಯೂ ಪೂರ್ತಿ ಇಲ್ಲ. ಸಂತೆಗೆ ಮರಿಗಳು ಬರುವುದು ಸರಿಯಾಗಿ ಈ ಗಂಡಾಂತರದ ದಿನಗಳಲ್ಲಿ! ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರ್ಪಡಿಸದಿರುವುದು ಉತ್ತಮ.

ಇಲ್ಲಿ ನಮ್ಮ ಸೀಮೆಯವರಿಗೆ ಒಂದು ಸ್ವಾರಸ್ಯವುಂಟು. ಆ ಎರಡು ಆಮ್ಲಗಳೂ ಸ್ವಲ್ಪ ಮಟ್ಟಿಗೆ ತೆಂಗಿನೆಣ್ಣೆಯಲ್ಲಿಯೂ ಇವೆ. ಹಾಗಾದರೆ ಕೊಬ್ಬರಿ ಒಳ್ಳೆಯದೇ ಎಂದು ಯಾರಾದರೂ ಕೇಳಬಹುದು. ಅಲ್ಲ. ತಿಪಟೂರು ಮಾರುಕಟ್ಟೆಗೆ ಹೋಗುವ ನಮ್ಮ ಒಣ ಕೊಬ್ಬರಿಯಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಪಾಲು ಎಣ್ಣೆ. ಮೊಲದ ಆಹಾರದಲ್ಲಿ ನೂರಕ್ಕೆ ಮೂರು ನಾಲ್ಕು ಪಾಲು ಕೊಬ್ಬಿದ್ದರೆ ಸಾಕು. ಕೊಬ್ಬರಿ ನಮ್ಮ ಮನೆಯ ಸಾಲ ತೀರಿಸಲಿ. ಮೊಲದ ಗೂಡಿಗೆ ಬೇಡ.

ಹಾಗಾದರೆ ಏನು ಕೊಡಬೇಕು? ಆಹಾರದ ಬಹುಪಾಲು ಒಣಹುಲ್ಲೇ ಆಗಿರಬೇಕು. ಅದು ಹಗಲೂ ರಾತ್ರಿಯೂ ಗೂಡಿನಲ್ಲಿರಬೇಕು. ನಮ್ಮ ತೋಟದ ಬದುವಿನ ಗರಿಕೆಯನ್ನು ಕೊಯ್ದು ಒಣಗಿಸಿಟ್ಟರೆ ಸೊಗಸಾದ ಮೇವಾಗುತ್ತದೆ. ರಾಗಿ ಹುಲ್ಲನ್ನು ಅಗಿಯಲು ಹಾಕಬಹುದು. ಆದರೆ ಬೆಳೆಯುವ ಮರಿಗೆ ಅದೊಂದರಲ್ಲಿಯೇ ಸತ್ವ ಸಾಲದು. ಬಣವೆಯ ಬುಡದಲ್ಲಿ ಮಳೆಗೆ ನೆನೆದು ಮುಗ್ಗಲು ವಾಸನೆ ಹಿಡಿದ ಹುಲ್ಲನ್ನಂತೂ ಮುಟ್ಟಿಸಬಾರದು. ಕುದುರೆ ಮಸಾಲೆ ಸೊಪ್ಪನ್ನು ಒಣಗಿಸಿ ಕೊಟ್ಟರೆ ಬೆಳೆಯುವ ಮರಿಗೆ ಒಳ್ಳೆಯದು. ಅದರಲ್ಲಿ ಸುಣ್ಣದ ಅಂಶ ಹೆಚ್ಚಾದುದರಿಂದ ದೊಡ್ಡದಾದ ಮೇಲೆ ಕಡಿಮೆ ಮಾಡಬೇಕು.

ಹಸಿ ಸೊಪ್ಪಿನಲ್ಲಿ ಆತುರ ಬೇಡ. ಕೊತ್ತಂಬರಿ, ಮೂಲಂಗಿ ಸೊಪ್ಪು, ನುಗ್ಗೆಸೊಪ್ಪುಗಳಲ್ಲಿ ಒಂದನ್ನು ಆರಿಸಿ, ತೊಳೆದು, ಎರಡು ಮೂರು ಎಲೆ ಕೊಟ್ಟು ಮರುದಿನದ ಹಿಕ್ಕೆಯನ್ನು ನೋಡಬೇಕು. ಹಿಕ್ಕೆ ಗಟ್ಟಿಯಾಗಿದ್ದರೆ ಮುಂದುವರಿಸಬಹುದು, ಮೆತ್ತಗಾದರೆ ನಿಲ್ಲಿಸಬೇಕು. ಯಾವ ಆಹಾರವನ್ನೇ ಆಗಲಿ ಬದಲಿಸುವಾಗ ಹಳೆಯದರೊಡನೆ ಹೊಸದನ್ನು ಬೆರೆಸುತ್ತ ಒಂದು ವಾರ ಹತ್ತು ದಿನ ತೆಗೆದುಕೊಳ್ಳಬೇಕು. ಸಂತೆಯಿಂದ ತಂದ ಮರಿಗೆ ಮಾರಿದವರು ಹಾಕುತ್ತಿದ್ದುದನ್ನೇ ಮೊದಲ ದಿನಗಳಲ್ಲಿ ಹಾಕುವುದು ಜಾಣತನ. ಕ್ಯಾರೆಟ್ ಸಿಹಿಯಾದುದರಿಂದ ಬೆರಳ ತುದಿಯಷ್ಟು ತುಂಡು ಸಾಕು, ಅದೂ ಅಪರೂಪಕ್ಕೆ. ಕಣಗಿಲೆ, ಎಕ್ಕ, ದತ್ತೂರಿ, ಲಂಟಾನಗಳು ಬೇಲಿಯಲ್ಲಿ ಎಷ್ಟು ಹಸಿರಾಗಿದ್ದರೂ ವಿಷವೇ. ಶುದ್ಧವಾದ ನೀರು ಸದಾ ಇರಬೇಕು. ಸೊಪ್ಪು ತಿನ್ನುವ ಮೊಲಕ್ಕೆ ನೀರು ಬೇಡ ಎಂಬುದು ತಪ್ಪು ಕಲ್ಪನೆ.

ಒಂದು ಸಂಜೆ ನಮ್ಮ ಮರಿ ಹುಲ್ಲು ಮುಟ್ಟದೆ, ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕುಳಿತಿತು. ಗೂಡಿನಲ್ಲಿ ಒಂದು ಹಿಕ್ಕೆಯೂ ಇರಲಿಲ್ಲ. ಕಿವಿ ತಣ್ಣಗಿದ್ದವು, ಹಲ್ಲು ಕಡಿಯುವ ಸದ್ದು ಕೇಳುತ್ತಿತ್ತು. ಯಾರೋ ನೆಂಟರ ಮಕ್ಕಳು ಅದಕ್ಕೆ ಹಬ್ಬದ ಒಬ್ಬಟ್ಟು ತಿನ್ನಿಸಿದ್ದರೆಂದು ಆಮೇಲೆ ತಿಳಿಯಿತು. ಮನೆಯಲ್ಲಿದ್ದ ಜ್ವರದ ಮಾತ್ರೆಯನ್ನು ಅರ್ಧ ಮಾಡಿ ಕೊಡೋಣವೆಂದು ಅಪ್ಪ ಹೊರಟರು. "ಬ್ಯಾಡ ಕಣಪ್ಪ, ಡಾಕ್ಟ್ರನ್ನೇ ಕೇಳಾನ" ಎಂದು ತಡೆದು, ಮರಿಯನ್ನು ಬುಟ್ಟಿಯಲ್ಲಿಟ್ಟುಕೊಂಡು ಪಶುವೈದ್ಯರಲ್ಲಿಗೆ ಹೋದೆವು. ಅವರು ಚರ್ಮದಡಿಯಲ್ಲಿ ದ್ರವ ಕೊಟ್ಟು, ನೋವಿಗೂ ಕರುಳಿನ ಚಲನೆಗೂ ಔಷಧಿ ಕೊಟ್ಟರು. ಅವರು ಹೇಳಿದ ಎರಡು ಮಾತುಗಳು ಎಲ್ಲರಿಗೂ ತಿಳಿದಿರಲಿ. ಮೊಲ ಹನ್ನೆರಡು ಗಂಟೆ ಏನನ್ನೂ ತಿನ್ನದಿದ್ದರೆ ಪ್ರಾಣಾಪಾಯ. ನಾಳೆ ನೋಡೋಣ ಎನ್ನಬಾರದು. ಎರಡನೆಯದಾಗಿ, ಅಮಾಕ್ಸಿಸಿಲಿನ್, ಆಂಪಿಸಿಲಿನ್‌ನಂಥ ಔಷಧಿಗಳನ್ನು ಮೊಲದ ಬಾಯಿಗೆ ಹಾಕಿದರೆ ಅವು ಕುರುಡುಕರುಳಿನ ಒಳ್ಳೆಯ ಜೀವಿಗಳನ್ನೇ ಕೊಂದು ಮೊಲವನ್ನೂ ಕೊಲ್ಲಬಲ್ಲವು. ಮರುದಿನ ಮಧ್ಯಾಹ್ನ ಗೂಡಿನಲ್ಲಿ ಏಳು ಹಿಕ್ಕೆಗಳು ಬಿದ್ದಿದ್ದವು. ನನ್ನ ತಂಗಿ ಅವನ್ನು ಮುತ್ತಿನಂತೆ ಎಣಿಸಿದಳು.

ಎಳೆಯ ಮರಿಗಳಿಗೆ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿಗಳ ಬಾಧೆಯೂ ಹೆಚ್ಚು. ಇದು ಹಿಕ್ಕೆಯಿಂದ ಹರಡುತ್ತದೆ. ಗೂಡನ್ನು ದಿನವೂ ಗುಡಿಸಿ ಒಣಗಿಸುವುದೂ, ಮೇವನ್ನು ನೆಲಕ್ಕೆ ಚೆಲ್ಲದೆ ಎತ್ತರದಲ್ಲಿ ಕಟ್ಟುವುದೂ ಅದಕ್ಕೆ ತಡೆ. ನೀರಿನಂಥ ಭೇದಿ ಕಂಡರೆ ಮನೆಮದ್ದಿಗೆ ನಿಲ್ಲದೆ ಆಗಲೇ ವೈದ್ಯರನ್ನು ಕಾಣಬೇಕು. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಇನ್ನೊಂದು ಎಚ್ಚರ ಬೇಕು. ಮೂವತ್ತು ಡಿಗ್ರಿ ಮೀರಿದ ಸೆಕೆಯಲ್ಲಿ ಮೊಲ ಬಳಲುತ್ತದೆ, ಮೇವು ಬಿಡುತ್ತದೆ. ತಗಡಿನ ಸೂರಿನ ಕೆಳಗಿಡದೆ ತೆಂಗಿನ ನೆರಳಿನಲ್ಲಿ ಗೂಡನ್ನಿಟ್ಟು, ಮೇಲೆ ನೆನೆಸಿದ ಗೋಣಿಚೀಲ ಹೊದಿಸಿದರೆ ತಂಪಾಗಿರುತ್ತದೆ. ಕಾಯಿ ಬೀಳುವ ಮರದ ನೇರ ಕೆಳಗೆ ಮಾತ್ರ ಬೇಡ!

ಹಸುವಿನಂತೆ ಅಂಬಾ ಎಂದು ಕೂಗಿ ತನ್ನ ಕಷ್ಟವನ್ನು ಹೇಳುವ ಬಾಯಿ ಮೊಲಕ್ಕಿಲ್ಲ. ತನ್ನ ಸುಖದುಃಖವನ್ನು ಅದು ಹಿಕ್ಕೆಯ ಮೂಲಕವೇ ಬರೆದಿಡುತ್ತದೆ. ಮರಿ ಸಾಕುವ ಆಸೆಯುಳ್ಳ ಗೆಳೆಯರು ಬೆಳಿಗ್ಗೆ ಎದ್ದೊಡನೆ ಗೂಡಿನ ಕೆಳಗೆ ನೋಡಲಿ. ಹಿಕ್ಕೆ ದುಂಡಗೆ, ಒಣಗಿ, ಒಂದೇ ಗಾತ್ರದಲ್ಲಿ ಹೇರಳವಾಗಿದ್ದರೆ ಎಲ್ಲವೂ ಸರಿಯಾಗಿದೆ. ಸಣ್ಣದಾಗಿದ್ದರೆ, ಕಡಿಮೆಯಾಗಿದ್ದರೆ, ಕಾಲೇಜಿಗೆ ಹೊರಡುವ ಮುನ್ನ ವೈದ್ಯರ ಮನೆಯ ದಾರಿ ಹಿಡಿಯಲಿ.